ಹೆಬ್ಬೆರಳಿನ ಕೆಳಗಿನ ಹುಡುಗಿ

ಬಣ್ಣ ಒಣಗದೆ ಉಳಿಯಬಹುದಿತ್ತು. ಮಳೆ ಬಿಡದ ಆಟಿ ತಿಂಗಳಲ್ಲಿ ಒಗೆದ ಟವೆಲೇ ನಾಲ್ಕು ದಿನ ಹಸಿಯಾಗಿರುವಾಗ ಕಾಗದದ ಮೇಲಿನ ನೀರುಬಣ್ಣ ನನ್ನ ಮಾತು ಕೇಳಬೇಕೆಂದೇನೂ ಇಲ್ಲ. ಪುತ್ತಿಗೆಯಿಂದ ಮಡಂತ್ಯಾರಿಗೆ ಹೋಗುವಷ್ಟರಲ್ಲಿ ಎರಡು ಕಡೆ ಬಸ್ಸು ಬದಲಿಸಬೇಕು. ಒಂದು ಕಡೆ ನಾನು ಮಾತ್ರ ಇಳಿದು ಚಿತ್ರ ಮುಂದಕ್ಕೆ ಹೋಗಬಹುದಿತ್ತು. ಕಂಡಕ್ಟರು ಅದರ ಮೇಲೆ ಯಾರದ್ದೋ ಹಲಸಿನಹಣ್ಣಿನ ಗೋಣಿ ಇಡಬಹುದಿತ್ತು. ಮುಖವೇ ಮೂಡದೆ ಹೋಗಬಹುದಿತ್ತು. ಮೂಡಿದ ಮುಖ ತಾಯಿಗೆ ಗುರುತು ಹತ್ತದೆ ಇರಬಹುದಿತ್ತು. ಗುರುತು ಹತ್ತಿ, ಅವರು ಅಲ್ಲೇ ಕುಸಿಯಬಹುದಿತ್ತು. ವರನ ಕಡೆಯವರು ಚಿತ್ರ ನೋಡಿ ಹುಡುಗಿಯ ಬಣ್ಣ ಕಡಿಮೆ ಎನ್ನಬಹುದಿತ್ತು. ನಮ್ಮ ಹುಡುಗನದ್ದೂ ಒಂದು ಬರೆದುಕೊಡಿ, ನಾಳೆಗೆ ಬೇಕು ಎನ್ನಬಹುದಿತ್ತು. ಇವೆಲ್ಲಕ್ಕಿಂತ ಭಯಂಕರವಾದದ್ದೆಂದರೆ, ನಾನು ಬರೆದ ಮುಖ ವೇಣೂರಿನಲ್ಲೋ ಸಿದ್ಧಕಟ್ಟೆಯಲ್ಲೋ ಈಗ ಬಸ್ಸಿಗೆ ಕಾಯುತ್ತ ನಿಂತಿರುವ, ಚೆನ್ನಾಗಿಯೇ ಬದುಕಿರುವ ಒಬ್ಬ ಹುಡುಗಿಯ ಮುಖವಾಗಿಬಿಡಬಹುದಿತ್ತು. ಆಗ ಆ ಹುಡುಗಿಗೆ ಏನೊಂದೂ ಗೊತ್ತಿಲ್ಲದೆ ಅವಳ ಮದುವೆ ಸತ್ತವನೊಬ್ಬನ ಜೊತೆ ನಡೆದುಹೋಗುತ್ತಿತ್ತು.

ಇದನ್ನೆಲ್ಲ ನಾನು ಆಗ ಒಂದು ನೋಟುಪುಸ್ತಕದ ಹಿಂಬದಿಯಲ್ಲಿ ಸಾಲಾಗಿ ಬರೆದಿಟ್ಟಿದ್ದೆ. ಕೆಡಬಹುದಾದದ್ದನ್ನು ಮೊದಲೇ ಬರೆದಿಟ್ಟರೆ ಅದು ನಾಚಿಕೊಂಡು ಬರುವುದಿಲ್ಲ ಎಂಬುದು ನನ್ನ ನಂಬಿಕೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ನೋಡಲು ಬಸ್‌ಸ್ಟಾಪಿನಿಂದ ಮನೆಗೆ ವಾಪಸು ಬಂದವಳು ನಾನು, ಅದೂ ಒಂದು ಸಲ ಅಲ್ಲ. ಹಾಗೆ ತಪ್ಪಿಸಿಕೊಂಡ ಬಸ್ಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮೂಡುಬಿದಿರೆ ಪೇಟೆಯಲ್ಲಿ ನಡೆಯಲು ಜಾಗ ಇರಲಿಕ್ಕಿಲ್ಲ.

ಮೊನ್ನೆ ಬಣ್ಣದ ಪೆಟ್ಟಿಗೆ ತೊಳೆಯುವಾಗ ಅದರ ತಳದಲ್ಲಿ ಒಂದು ಸೀರೆಯ ಅಂಚಿನ ತುಂಡು ಸಿಕ್ಕಿತು. ಎರಡು ಬೆರಳಿನಷ್ಟು ಅಗಲ, ಕುಂಕುಮದ ಬಣ್ಣ, ನಡುವೆ ಒಂದೆಳೆ ಜರಿ. "ಬಣ್ಣ ತಪ್ಪಬಾರದು ಟೀಚರೇ, ಸೀರೆ ಇದೇ" ಎಂದು ಆ ತಾಯಿ, ಗಿರಿಜಕ್ಕ, ಕತ್ತರಿಸಿ ಕೊಟ್ಟದ್ದು. ಅದನ್ನು ಹಿಡಿದುಕೊಂಡು ಕೂತವಳು ಅನ್ನ ತಳ ಹಿಡಿದ ವಾಸನೆ ಬರುವವರೆಗೂ ಏಳಲಿಲ್ಲ. ಹೇಗೂ ಅನ್ನ ಹೋಯಿತು, ಕತೆಯನ್ನಾದರೂ ನಿಮಗೆ ಹೇಳಿಬಿಡುವ.

ನನ್ನ ಕೆಲಸ ಚಿಕ್ಕ ಮಕ್ಕಳ ಚಿತ್ರಪುಸ್ತಕ ಮಾಡುವುದು. ಕತೆ ನನ್ನದೇ, ಚಿತ್ರವೂ ನನ್ನದೇ. ಇದೂ ಒಂದು ಹೊಟ್ಟೆಪಾಡು ಎಂದು ನಮ್ಮ ಕಡೆಯವರನ್ನು ನಂಬಿಸಲು ಇಪ್ಪತ್ತು ವರ್ಷ ಸಾಕಾಗಲಿಲ್ಲ. "ಹಾಗಾದರೆ ಅಂಗಡಿ ಬೋರ್ಡು ಕೂಡ ಬರೀತೀರಾ?" ಎಂದು ಕೇಳಿದವರುಂಟು. ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯ ಹೆಂಗಸು, "ನಿಮಗೆ ಮಕ್ಕಳಿಲ್ಲ, ಮದುವೆಯೂ ಇಲ್ಲ, ಮತ್ತೆ ಮಕ್ಕಳ ಪುಸ್ತಕ ಹೇಗೆ ಬರ್ತದೆ?" ಎಂದರು. ನಾನು ಆನೆಯೂ ಅಲ್ಲ, ಆದರೂ ಆನೆ ಬರೆಯುತ್ತೇನಲ್ಲ ಎಂಬ ಉತ್ತರ ಬಸ್ಸು ಹತ್ತಿದ ಮೇಲೆ ಹೊಳೆಯಿತು. ನನ್ನ ಒಳ್ಳೆಯ ಉತ್ತರಗಳೆಲ್ಲ ಬಸ್ಸಿನಲ್ಲಿಯೇ ಹುಟ್ಟಿ ಬಸ್ಸಿನಲ್ಲಿಯೇ ಸತ್ತಿವೆ.

ಪುಸ್ತಕದ ಚೂಪು ಮೂಲೆ ಮಗುವಿನ ಕಣ್ಣಿಗೆ ಚುಚ್ಚೀತೆಂದು ಹೆದರಿ ನಾನು ಬೆಂಗಳೂರಿನ ಸಂಪಾದಕಿಗೆ ಫೋನು ಮಾಡುತ್ತೇನೆ. ಅಚ್ಚಿನ ಬಣ್ಣ ನೆಕ್ಕಿದರೆ ಹೊಟ್ಟೆನೋವು ಬರುತ್ತದಾ ಎಂದು ಮತ್ತೊಮ್ಮೆ ಮಾಡುತ್ತೇನೆ. "ಮೇಡಂ, ಪುಸ್ತಕ ಅಂಗಡಿಗೆ ಹೋಗೋ ಮೊದಲೇ ನೀವು ಮಕ್ಕಳನ್ನೆಲ್ಲ ಆಸ್ಪತ್ರೆಗೆ ಸೇರಿಸಿಬಿಡ್ತೀರಿ" ಎಂದು ಅವಳು ನಗುತ್ತಾಳೆ. ಆದರೂ ನನ್ನ ಪುಸ್ತಕಗಳ ಮೂಲೆ ದುಂಡಗಿರುತ್ತದೆ. ಅಷ್ಟರ ಮಟ್ಟಿಗೆ ನಾನು ಗೆದ್ದಿದ್ದೇನೆ.

ಮೂಲೆಯ ವಿಷಯ ಬಂದಿತಲ್ಲ, ಅಲ್ಲಿಂದಲೇ ಹೇಳಬೇಕು. ಚಿತ್ರಪುಸ್ತಕ ಮಾಡುವವರಿಗೆ ಬಲಗಡೆ ಪುಟದ ಕೆಳಮೂಲೆ ಒಂದು ತಲೆನೋವು. ಮಗು ಪುಟ ಹಿಡಿಯುವುದು ಅಲ್ಲಿ. ಹೆಬ್ಬೆರಳು ಕೂರುವ ಜಾಗ ಅದು. ಅಲ್ಲಿ ಕತೆಗೆ ಬೇಕಾದ ಏನನ್ನೂ ಇಡುವ ಹಾಗಿಲ್ಲ, ಇಟ್ಟರೆ ಬೆರಳಿನಡಿ ಮುಚ್ಚಿಹೋಗುತ್ತದೆ. ಖಾಲಿ ಬಿಡುವ ಹಾಗೂ ಇಲ್ಲ, ಬಿಟ್ಟರೆ ಪುಟ ಒಂದು ಕಡೆಗೆ ವಾಲಿದಂತೆ ಕಾಣುತ್ತದೆ. ಕೆಲವರು ಅಲ್ಲಿ ಹುಲ್ಲು ಬರೆಯುತ್ತಾರೆ, ಕೆಲವರು ಕಲ್ಲು. ನಾನು ಮೊದಲ ಪುಸ್ತಕದಲ್ಲಿಯೇ ಅಲ್ಲೊಂದು ಹುಡುಗಿಯನ್ನು ನಿಲ್ಲಿಸಿದೆ. ಬೆನ್ನು ಹಾಕಿ ನಿಂತ ಹುಡುಗಿ. ಮುಖ ಬರೆದರೆ ಮಗು ಅವಳನ್ನೇ ನೋಡೀತು, ಕತೆ ಆಚೆ ಹೋದೀತು. ಬೆನ್ನಾದರೆ ಆ ಗೋಜು ಇಲ್ಲ. ಅವಳಿಗೆ ಹೆಸರಿಲ್ಲ, ಮಾತಿಲ್ಲ. ಆನೆ ತನ್ನ ಕೊಡೆ ಕಳೆದುಕೊಂಡು ಅಳುವಾಗ ಅವಳು ಆನೆಯನ್ನು ನೋಡುತ್ತ ನಿಂತಿದ್ದಾಳೆ. ಇರುವೆ ಬಸ್ಸು ಹತ್ತುವಾಗ ಬಸ್ಸನ್ನು ನೋಡುತ್ತ ನಿಂತಿದ್ದಾಳೆ. ಆಮೇಲೆ ಅದು ಅಭ್ಯಾಸವಾಯಿತು. ಕೈ ತಾನಾಗಿ ಅಲ್ಲಿಗೆ ಹೋಗಿ ಅವಳನ್ನು ಬರೆದು ವಾಪಸು ಬರುತ್ತಿತ್ತು. ಅವಳ ಬಗ್ಗೆ ನಾನು ಚಿಂತೆ ಮಾಡಿದ್ದೇ ಇಲ್ಲ. ನನ್ನ ಇಡೀ ಜೀವನದಲ್ಲಿ ನಾನು ಚಿಂತೆ ಮಾಡದೆ ಬಿಟ್ಟದ್ದು ಅವಳೊಬ್ಬಳನ್ನೇ ಇರಬೇಕು.

ಕಳೆದ ವರ್ಷ ಶಾಲೆ ಶುರುವಾದ ಹೊಸತರಲ್ಲಿ, ಒಂದು ಶನಿವಾರ ಮಧ್ಯಾಹ್ನ, ನಮ್ಮ ಗೇಟಿನ ಹತ್ತಿರ ಒಂದು ರಿಕ್ಷಾ ಬಂದು ನಿಂತಿತು. ಐವತ್ತರ ಹತ್ತಿರದ ಒಬ್ಬ ಹೆಂಗಸು ಇಳಿದರು, ಕೈಯಲ್ಲಿ ಜವಳಿ ಅಂಗಡಿಯ ದೊಡ್ಡ ಕವರು. ರಿಕ್ಷಾ ಬಿಟ್ಟುಕೊಂಡು ಬಂದಾತ ಅವರ ತಮ್ಮ ವಸಂತ. ಅವನು ಹಿಂದಿನಿಂದ ಬಂದು, ಕೇಳದೆಯೇ ಒಂದು ಮಾತು ಹೇಳಿದ: "ನನ್ನ ಅಕ್ಕನಿಗೆ ಮಂಡೆ ಸರಿ ಉಂಟು. ಅದನ್ನು ಮೊದಲೇ ಹೇಳ್ತೇನೆ."

"ಪುಸ್ತಕ ಬರೆಯುವ ಟೀಚರ್ ನೀವೇ ಅಲ್ವಾ?" ಎಂದರು ಹೆಂಗಸು.

"ನಾನು ಟೀಚರ್ ಅಲ್ಲ."

"ಆಯ್ತು ಟೀಚರೇ," ಎಂದು ಒಳಗೆ ಬಂದು ಕುಳಿತರು.

ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅದು ಸ್ವಲ್ಪ ಇಸ್ತ್ರಿ ಹಾಕಿದ ಹಾಗೆ ಕಾಣಬಹುದು, ಸುಧಾರಿಸಿಕೊಳ್ಳಿ. ಅವರ ಹೆಸರು ಗಿರಿಜ. ಮಡಂತ್ಯಾರಿನ ಹತ್ತಿರ ಒಂದು ಅಂಗನವಾಡಿಯ ಟೀಚರು. ಅಂದರೆ ನಿಜವಾದ ಟೀಚರು ಅವರೇ. ಕವರಿನಿಂದ ನನ್ನ ನಾಲ್ಕು ಪುಸ್ತಕ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ನಾಲ್ಕೂ ಮಕ್ಕಳ ಕೈಯಲ್ಲಿ ಪಳಗಿ ಮೆತ್ತಗಾಗಿದ್ದವು. ಬಲಗಡೆಯ ಕೆಳಮೂಲೆಗಳಂತೂ ಬೆವರಿಗೆ ಬೆಳ್ಳಗಾಗಿ, ನನ್ನ ಹುಡುಗಿ ಅರ್ಧ ಅಳಿಸಿಹೋಗಿದ್ದಳು.

"ಮಕ್ಕಳು ಎಲ್ಲ ಇವಳನ್ನೇ ಹಿಡಿದುಕೊಂಡು ಪುಟ ತಿರುಗಿಸುವುದು," ಎಂದರು ಗಿರಿಜಕ್ಕ. ಆಮೇಲೆ ಒಂದೊಂದಾಗಿ ಬೆರಳಿಟ್ಟು ತೋರಿಸಿದರು. "ಇದರಲ್ಲಿ ಇವಳಿಗೆ ಮೂರು ವರ್ಷ. ಇದರಲ್ಲಿ ಶಾಲೆಗೆ ಹೋಗ್ತಾಳೆ, ಬೆನ್ನಿಗೆ ಬ್ಯಾಗುಂಟು. ಇದರಲ್ಲಿ ದೊಡ್ಡವಳಾಗಿದ್ದಾಳೆ, ನೀವು ಲಂಗದ ಅಂಚು ಬಿಚ್ಚಿ ಉದ್ದ ಮಾಡಿದ್ದೀರಿ. ಇದರಲ್ಲಿ ಚೂಡಿದಾರ, ಹೆಗಲಿಗೆ ವ್ಯಾನಿಟಿ. ಕೆಲಸಕ್ಕೆ ಹೋಗ್ತಾಳೋ ಏನೋ."

ನಾನು ನಕ್ಕೆ. ಪುಸ್ತಕದ ಅಳತೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗಿದೆ, ಅದಕ್ಕೆ ತಕ್ಕ ಹಾಗೆ ಅವಳೂ ದೊಡ್ಡದಾಗಿ ಕಾಣುತ್ತಾಳೆ ಎಂದೆ. ಹಾಗೆ ಹೇಳಿದವಳು ಸುಮ್ಮನಿರಬೇಕಿತ್ತು. ಸ್ಕೇಲು ತಂದು ಅಳೆಯಲು ಕುಳಿತೆ. ಆನೆಯ ಪುಸ್ತಕದಲ್ಲಿ ಬಾಗಿಲಿನ ಚಿಲಕ ಅವಳ ತಲೆಗಿಂತ ಎಷ್ಟೋ ಮೇಲಿತ್ತು. ಇರುವೆಯದ್ದರಲ್ಲಿ ಬಸ್ಸಿನ ಮೆಟ್ಟಿಲು ಅವಳ ಸೊಂಟಕ್ಕೆ. ಕೊನೆಯದ್ದು ಸಂತೆಯ ಕತೆ. ಅದರಲ್ಲಿ ಅಂಗಡಿಯ ಬಾಗಿಲಿನ ಚಿಲಕ ಅವಳ ಭುಜದ ಕೆಳಗೆ. ಇಪ್ಪತ್ತೊಂದು ವರ್ಷದಿಂದ ಅವಳು ನನ್ನ ಕೈ ಕೆಳಗೇ ಬೆಳೆಯುತ್ತ ಬಂದಿದ್ದಳು. ನನಗೆ ಗೊತ್ತಾಗಿರಲಿಲ್ಲ.

"ಮತ್ತೆ ಇದು," ಎಂದು ಅವರು ಹುಡುಗಿಯ ಕುತ್ತಿಗೆಯ ಹತ್ತಿರ ಉಗುರಿಟ್ಟರು. "ಫ್ರಾಕಿನ ಹಿಂದಿನ ಮೇಲಿನ ಗುಂಡಿ. ಹಾಕಿಲ್ಲ. ಇದರಲ್ಲೂ ಹಾಕಿಲ್ಲ. ಚೂಡಿದಾರದಲ್ಲಿ ಕೂಡ ಹಿಂದಿನ ದಾರ ಕಟ್ಟಿಲ್ಲ. ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಒಂದು ಗೆರೆ ಉಳಿಸುವ ಸೋಮಾರಿತನ ಅದು ಎಂದುಕೊಂಡಿದ್ದೆ.

"ನನ್ನ ಮಗಳು ವಿನುತ," ಎಂದರು ಗಿರಿಜಕ್ಕ. "ಮೇಲಿನ ಗುಂಡಿ ಹಾಕ್ಲಿಕ್ಕೆ ಒಂದು ದಿನ ಬಿಟ್ಟವಳಲ್ಲ. ಹಿಡಿಯುವಷ್ಟರಲ್ಲಿ ಓಡುತ್ತಿದ್ದಳು. ಎರಡೂವರೆ ವರ್ಷಕ್ಕೆ ಹೋದಳು, ಮೂರು ದಿನದ ಜ್ವರ. ನಿಮ್ಮ ಮೊದಲ ಪುಸ್ತಕ ಅದರ ಮರುವರ್ಷದ್ದು. ಒಳಗೆ ಇಸವಿ ಅಚ್ಚಾಗಿದೆ, ನೋಡಿದೆ."

ವಸಂತ ಬಾಗಿಲಿಗೆ ಒರಗಿ ಹೊರಗೆ ನೋಡುತ್ತಿದ್ದ. ಅವನು ಉಳಿದದ್ದನ್ನು ಹೇಳಿದ. ಮನೆಯಲ್ಲಿ ಗಿರಿಜಕ್ಕನ ಮಗನಿಗೆ ಸಂಬಂಧ ಕೂಡಿ ಬರುತ್ತಿಲ್ಲ. ಜೋಯಿಸರಲ್ಲಿ ಕೇಳಿಸಿದಾಗ, ಅಕ್ಕ ಕಾದು ಕೂತಿರುವಾಗ ತಮ್ಮನಿಗೆ ಹೇಗೆ ಆದೀತು ಎಂದು ಬಂತು. ಹಾಗಾಗಿ ಆಟಿಯಲ್ಲಿ ವಿನುತಳ ಮದುವೆ. ನಮ್ಮ ಕಡೆ ಇದು ಹೊಸತಲ್ಲ. ಚಿಕ್ಕಂದಿನಲ್ಲಿ ಸತ್ತವರೂ ಕುಲೆಗಳಾಗಿ, ಅಂದರೆ ಮನೆಯ ಪ್ರೇತಗಳಾಗಿ, ಬೆಳೆಯುತ್ತಾರೆ, ವಯಸ್ಸಿಗೆ ಬರುತ್ತಾರೆ, ಅವರಿಗೂ ತಕ್ಕ ಹುಡುಗನನ್ನು ಹುಡುಕಿ, ನಿಶ್ಚಯ ಮಾಡಿ, ಧಾರೆ ಎರೆದು ಕಳಿಸಿಕೊಡುತ್ತಾರೆ.

"ಮೊದಲು ವೇಣೂರಿನಿಂದ ಒಂದು ಬಂದಿತ್ತು," ಎಂದ ವಸಂತ. "ಹುಡುಗ ಒಂದು ವರ್ಷ ಚಿಕ್ಕವ. ಬೇಡ ಅಂದೆವು."

"ಅವರಿಗೂ ವಯಸ್ಸು ನೋಡ್ತಾರಾ?"

"ನೋಡದೆ ಮತ್ತೆ? ಇಡೀ ಜೀವನದ ಪ್ರಶ್ನೆ ಅಲ್ವಾ ಮಾರಾಯ್ರೆ." ಅವನ ಮುಖದಲ್ಲಿ ನಗು ಇರಲಿಲ್ಲ. "ಈಗ ಸಿದ್ಧಕಟ್ಟೆಯದ್ದು ಕೂಡಿಬಂದಿದೆ. ನಾಲ್ಕು ವರ್ಷಕ್ಕೆ ಹೋದದ್ದು. ಇದ್ದಿದ್ದರೆ ಈಗ ಇಪ್ಪತ್ತೆಂಟು. ಒಳ್ಳೆಯ ಮನೆತನ."

ಮದುವೆಯಲ್ಲಿ ಹುಡುಗಿಯ ಬದಲಿಗೆ ಕುರ್ಚಿಯ ಮೇಲೆ ಸೀರೆ, ರವಿಕೆ, ಬಳೆ, ಹೂ ಇಡುತ್ತಾರೆ. ಅಷ್ಟು ಸಾಕು. ಚಿತ್ರ ಬೇಕೆಂದು ಯಾವ ಕ್ರಮವೂ ಇಲ್ಲ. ಬೇಕಾಗಿದ್ದದ್ದು ಗಿರಿಜಕ್ಕನಿಗೆ.

"ಒಂದೇ ಒಂದು ಫೋಟೋ ಇತ್ತು ಟೀಚರೇ. ನಾನು ಅದನ್ನು ಹಿಡಿದುಕೊಂಡು ಕೂತುಕೊಳ್ತೇನೆ ಅಂತ ಅತ್ತೆ ಅದನ್ನು ನೇತ್ರಾವತಿ ಹೊಳೆಗೆ ಬಿಟ್ಟರು. ಅವರ ತಪ್ಪಲ್ಲ. ಈಗ ನನಗೆ ಅವಳ ಮುಖ ಮರೆತುಹೋಗಿದೆ. ಕಣ್ಣು ಮುಚ್ಚಿದರೆ ಬೆನ್ನು ಮಾತ್ರ ಬರ್ತದೆ, ಓಡುವ ಬೆನ್ನು. ನಿಮಗೂ ಅಷ್ಟೇ ಬರ್ತದೆ ಅಂತ ಈ ಪುಸ್ತಕದಲ್ಲಿ ಗೊತ್ತಾಯ್ತು. ಆದರೆ ನೀವು ಚಿತ್ರದವರು. ನೀವು ಅವಳನ್ನು ಒಂದು ಸಲ ಈ ಕಡೆಗೆ ತಿರುಗಿಸಿ. ಕಳಿಸುವ ಮೊದಲು ಒಂದು ಸಲ ಮುಖ ನೋಡ್ತೇನೆ."

ಆಗುವುದಿಲ್ಲ ಎನ್ನಬೇಕಿತ್ತು. ಒಳ್ಳೆಯ ಉತ್ತರಕ್ಕೆ ನನಗೆ ಬಸ್ಸು ಬೇಕು ಎಂದು ಆಗಲೇ ಹೇಳಿದೆನಲ್ಲ. "ಆಯ್ತು" ಎಂದುಬಿಟ್ಟೆ.

ಅವರು ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ, ಹಾಕಿದ್ದೇನೋ ಎಂದು ಎರಡು ಸಲ ನೋಡಿ, ಕುಳಿತುಕೊಂಡೆ. ನನಗೆ ಬೆಳ್ತಂಗಡಿಯ ಅಜ್ಜಿಮನೆಯ ನೆನಪು ಬಂತು. ಆಟಿಯಲ್ಲಿ ಒಂದು ದಿನ ಅಜ್ಜಿ ತೀರಿಹೋದವರಿಗೆಲ್ಲ ಬಡಿಸುತ್ತಿದ್ದರು. ನಡುಮನೆಯಲ್ಲಿ ಸಾಲಾಗಿ ಬಾಳೆಲೆ. ಅನ್ನ, ಕೋಳಿಸಾರು, ಕಡುಬು. ಕೊನೆಯಲ್ಲಿ ಅಂಗೈ ಅಗಲದ ಒಂದು ಪುಟ್ಟ ಎಲೆ. ಅದು ಯಾರಿಗೆ ಎಂದರೆ "ಮಕ್ಕಳಿಗೆ" ಎನ್ನುತ್ತಿದ್ದರು. ಯಾವ ಮಕ್ಕಳು ಎಂದರೆ "ನೀನು ಸುಮ್ಮನೆ ಹೊರಗೆ ಹೋಗು" ಎನ್ನುತ್ತಿದ್ದರು. ಆಮೇಲೆ ಬಾಗಿಲು ಮುಚ್ಚಿ, ಅವರು ಊಟ ಮಾಡುವಷ್ಟು ಹೊತ್ತು ನಾವೆಲ್ಲ ಹೊರಗೆ ಕಾಯಬೇಕು. ಆರೋ ಏಳೋ ವರ್ಷದವಳಿದ್ದಾಗ ನಾನು ಬಾಗಿಲಿನ ಸಂದಿಗೆ ಕಣ್ಣಿಟ್ಟೆ. ಯಾರೂ ಇರಲಿಲ್ಲ. ದೊಡ್ಡ ಎಲೆಗಳ ಅನ್ನದಿಂದ ಹಬೆ ನೆಟ್ಟಗೆ ಏಳುತ್ತಿತ್ತು. ಪುಟ್ಟ ಎಲೆಯ ಹಬೆ ಮಾತ್ರ ಆಗಾಗ ಒಂದು ಕಡೆಗೆ ವಾಲುತ್ತಿತ್ತು, ಬಿಸಿ ಅನ್ನವನ್ನು ಯಾರೋ ಬಾಯಿಂದ ಊದಿ ಆರಿಸಿದ ಹಾಗೆ. ಗಾಳಿ ಇರಬಹುದು. ಕಿಟಕಿ ಮುಚ್ಚಿತ್ತೆಂದು ನೆನಪು, ಆದರೆ ನನ್ನ ನೆನಪನ್ನು ನಂಬಿ ಯಾರೂ ಮನೆ ಕಟ್ಟಬಾರದು. ನಾನು ಕಂಡದ್ದನ್ನು ಹೇಳಿದಾಗ ಅಜ್ಜಿ ಬೈಯಲಿಲ್ಲ. ಮರುವರ್ಷ ಆ ಎಲೆಗೆ ಅನ್ನವನ್ನು ಸ್ವಲ್ಪ ಆರಿಸಿಯೇ ಬಡಿಸಿದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಮರುದಿನದಿಂದ ಮುಖ ಬರೆಯಲು ಶುರು ಮಾಡಿದೆ. ಚಿತ್ರಪುಸ್ತಕದವರ ಮುಖ ನಿಮಗೆ ಗೊತ್ತುಂಟಲ್ಲ, ದುಂಡನೆಯ ಕೆನ್ನೆ, ಎರಡು ಚುಕ್ಕೆಯ ಕಣ್ಣು. ಎಷ್ಟು ಬರೆದರೂ ಅದೇ ಬರುತ್ತಿತ್ತು. ಇಪ್ಪತ್ತೈದರ ಹೆಣ್ಣಿಗೆ ಆ ಮುಖ ಇಟ್ಟರೆ ಇಡ್ಲಿಗೆ ಸೀರೆ ಉಡಿಸಿದ ಹಾಗೆ. ಗಿರಿಜಕ್ಕನ ಮುಖ ನೆನೆದು ವಯಸ್ಸು ಇಳಿಸಿ ನೋಡಿದೆ. ಅದು ಗಿರಿಜಕ್ಕನೇ ಆಯಿತು. ಆಮೇಲೆ ಮುಖಗಳು ಬರತೊಡಗಿದವು, ಆದರೆ ಎಲ್ಲವೂ ಬದುಕಿದವರದ್ದು. ಒಂದು ದಿನ ಔಷಧಿ ಅಂಗಡಿಯ ಹುಡುಗಿ ಬಂದಳು. ಇನ್ನೊಂದು ದಿನ ಸೊಸೈಟಿಯ ಕ್ಲಾರ್ಕು. ಅವನ್ನೆಲ್ಲ ಹರಿದು, ಹರಿದದ್ದನ್ನು ಒಲೆಗೆ ಹಾಕಿ, ಆಮೇಲೆ ಬದುಕಿದವರ ಮುಖ ಸುಟ್ಟೆನಲ್ಲ ಎಂದು ಇನ್ನೊಂದು ಹೊಸ ಚಿಂತೆ ಹಿಡಿಸಿಕೊಂಡೆ. ಔಷಧಿ ಅಂಗಡಿಯ ಹುಡುಗಿ ಎರಡು ದಿನ ಕಾಣಲಿಲ್ಲ. ನಾನು ಮೂರು ಸಲ ಹೋಗಿ ಬೇಡದ ಬಾಮು ತಂದೆ. ಮೂರನೆಯ ಸಲ ಅವಳಿದ್ದಳು, ತಲೆನೋವಿಗೆ ರಜೆ ಹಾಕಿದ್ದಳಂತೆ. ಆ ಬಾಮು ಅವಳಿಗೇ ಕೊಟ್ಟು ಬಂದೆ.

ಆಟಿ ಬಂತು. ಮದುವೆಗೆ ನಾಲ್ಕು ದಿನ ಇತ್ತು. ಆ ಬೆಳಿಗ್ಗೆ ಮೋಡ ಸ್ವಲ್ಪ ಸರಿದು ಪೂರ್ವದ ಕಿಟಕಿಯಲ್ಲಿ ಬೆಳಕು ಬಿದ್ದಿತ್ತು. ನಮ್ಮ ಕೆಲಸದಲ್ಲಿ ಒಂದು ಕ್ರಮ ಉಂಟು. ಒಂದು ಚಿತ್ರವನ್ನು ತಿರುಗುಮುರುಗು ಮಾಡಬೇಕಿದ್ದರೆ ತೆಳು ಕಾಗದದಲ್ಲಿ ಬರೆದು, ಕಾಗದ ಮಗುಚಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬೆಳಕಿನಲ್ಲಿ ಕಾಣುವ ಗೆರೆಯ ಮೇಲೆ ಗೆರೆ ಎಳೆಯುವುದು. ಮುಖ ಬಾರದೆ ಸೋತವಳು, ಬರುವುದನ್ನೇ ಬರೆಯುವ ಎಂದು ತೆಳು ಕಾಗದದಲ್ಲಿ ಅವಳ ಬೆನ್ನನ್ನೇ ಬರೆದೆ. ಜಡೆ, ಕಿವಿಯ ಹಿಂಬದಿ, ಭುಜ, ಸೆರಗು. ಆಮೇಲೆ ಕೈಯ ಅಭ್ಯಾಸದಿಂದ ಕಾಗದ ಮಗುಚಿ ಗಾಜಿಗೆ ಇಟ್ಟೆ.

ಬೆನ್ನಿನ ಆ ಕಡೆ ಮುಖ ತಾನೇ ಇರುವುದು. ಇಷ್ಟು ಸಣ್ಣ ವಿಷಯ ನನಗೆ ವಾರಗಟ್ಟಲೆ ಹೊಳೆದಿರಲಿಲ್ಲ. ತಲೆಯ ಸುತ್ತಿನ ಗೆರೆ ಅಲ್ಲೇ ಇತ್ತು, ಕಿವಿ ಅಲ್ಲೇ ಇತ್ತು. ಪೆನ್ಸಿಲು ಒಳಗೆ ಇಳಿಯಿತು. ಕಾಗದದ ನಾರು ಬೆಳಕಿನಲ್ಲಿ ಎಲ್ಲೆಲ್ಲಿ ದಪ್ಪ ಕಂಡಿತೋ ಅಲ್ಲಿ ನೆರಳು ಹಾಕಿದೆ, ಎಲ್ಲಿ ತೆಳುವೋ ಅಲ್ಲಿ ಬಿಟ್ಟೆ. ಎಡ ಹುಬ್ಬಿನ ತುದಿಯಲ್ಲಿ ಒಂದು ನಾರು ಅಡ್ಡ ಬಂದು ಗೆರೆ ಕತ್ತರಿಸಿತು. ತಿದ್ದುವ ಎಂದುಕೊಂಡೆ, ಮತ್ತೆ ಮರೆತೆ. ಕೈ ಕೆಳಗಿಳಿಸುವಾಗ ಕಾಫಿ ತಣ್ಣಗಾಗಿ ಕೆನೆ ಕಟ್ಟಿತ್ತು. ಎದುರಿಗಿದ್ದ ಮುಖ ನಾನು ಎಲ್ಲಿಯೂ ಕಂಡದ್ದಲ್ಲ. ಆದರೆ ಅದು ನನ್ನನ್ನು ಬಹಳ ದಿನದಿಂದ ಬಲ್ಲ ಹಾಗೆ ನೋಡುತ್ತಿತ್ತು.

ಆ ಕಾಗದಕ್ಕೇ ಎರಡು ದಿನ ಬಣ್ಣ ಹಾಕಿದೆ, ಸೀರೆಯ ತುಂಡು ಪಕ್ಕದಲ್ಲಿ ಇಟ್ಟುಕೊಂಡು. ಒಣಗಲಿಲ್ಲವೆಂದು ಕೂದಲು ಒಣಗಿಸುವ ಯಂತ್ರ ಹಿಡಿದೆ. ಮದುಮಗಳ ಮುಖಕ್ಕೆ ಬಿಸಿಗಾಳಿ ಊದುತ್ತ, "ಸ್ವಲ್ಪ ಸಹಿಸಿಕೋ" ಎಂದು ಬಾಯಿಬಿಟ್ಟು ಹೇಳಿದ್ದು ನನಗೆ ಆಮೇಲೆ ಅರಿವಾಗಿ, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದಕ್ಕೆ ಸಮಾಧಾನವೂ ಆಯಿತು, ಇಲ್ಲವಲ್ಲ ಎಂದು ಭಯವೂ ಆಯಿತು.

ಮದುವೆಯ ದಿನ ಭಾನುವಾರ. ಚಿತ್ರವನ್ನು ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಬೆಡ್‌ಶೀಟ್ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಮೂರು ಬಸ್ಸಿನಲ್ಲಿ ಹೋದೆ. ಹಲಸಿನಹಣ್ಣು ಬರಲಿಲ್ಲ. ಮಡಂತ್ಯಾರಿನಲ್ಲಿ ವಸಂತ ರಿಕ್ಷಾ ತಂದಿದ್ದ. ದಾರಿಯಲ್ಲಿ ಕೇಳಿದ, "ಟೀಚರಿಗೆ ಮದುವೆ ಆಗಿದೆಯಾ?"

"ಇಲ್ಲ."

ಅವನು ರಿಕ್ಷಾ ನಿಧಾನ ಮಾಡಿದ. "ಹಾಗಾದರೆ ನೀವು ಅಂಗಳಕ್ಕೆ ಬರುವ ಹಾಗಿಲ್ಲ. ಮಕ್ಕಳು, ಮದುವೆ ಆಗದವರು ಇದನ್ನು ನೋಡಬಾರದು."

"ನನಗೆ ನಲವತ್ತೆಂಟಾಯ್ತು."

"ಅದಕ್ಕೆ ರಿಯಾಯಿತಿ ಇಲ್ಲ ಟೀಚರೇ."

ಮನೆಯ ಈಚೆಗೆ ರಸ್ತೆಯ ಬದಿಯಲ್ಲಿಯೇ ಗಿರಿಜಕ್ಕನ ಅಂಗನವಾಡಿ. ನನ್ನನ್ನು ಅಲ್ಲಿ ಕೂರಿಸುವುದೆಂದಾಯಿತು. ಚಿತ್ರ ಬಿಚ್ಚಿದ್ದೂ ಅಲ್ಲಿಯೇ. ಗಿರಿಜಕ್ಕ ಹೊಸ ಸೀರೆ ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು ಬಂದರು. ರಟ್ಟು ತೆಗೆದಾಗ ನಾನು ಅವರ ಮುಖ ನೋಡಲಾರದೆ ಗೋಡೆಯ ಮೇಲಿನ ಕಾಗುಣಿತ ಓದುತ್ತ ನಿಂತೆ. ಕ, ಕಾ, ಕಿ, ಕೀ. ಕೌ ವರೆಗೂ ಓದಿದೆ. ಆಮೇಲೆ ಗಿರಿಜಕ್ಕ ಒಂದು ಬೆರಳನ್ನು ಚಿತ್ರಕ್ಕೆ ತಾಗದ ಹಾಗೆ ಎಡ ಹುಬ್ಬಿನ ತುದಿಯ ಹತ್ತಿರ ಹಿಡಿದರು.

"ಇದು ನಿಮಗೆ ಹೇಳಿದ್ದೆನಾ?"

"ಯಾವುದು?"

"ಇಲ್ಲಿ ಗಾಯ ಆಗಿತ್ತು. ಹೊಸ್ತಿಲು ತಾಗಿ. ನನಗೇ ಮರೆತುಹೋಗಿತ್ತು, ಈಗ ನೋಡುವಾಗ ನೆನಪಾಯ್ತು." ಆಮೇಲೆ ಬಹಳ ಮೆಲ್ಲಗೆ, ನನಗಲ್ಲ, ಕಾಗದಕ್ಕೆ ಹೇಳಿದರು: "ಬಂದೆಯಾ."

ವಸಂತ ಬಾಗಿಲಲ್ಲಿ ತಲೆ ಹಾಕಿದ. "ಅಕ್ಕ, ಅವರ ಕಡೆಯ ಜೀಪು ಬಂತು. ಹುಡುಗಿಯನ್ನು ಕರೆದುಕೊಂಡು ಹೋಗುವ."

ಬಾಗಿಲು ಎಳೆದುಕೊಂಡು ಹೋದರು. ನಾನು ಒಂದು ಗೇಣು ಎತ್ತರದ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕುಳಿತೆ. ಮಕ್ಕಳಿಗಾಗಿಯೇ ಬರೆಯುವವಳು ಬರೆದ ಚಿತ್ರ, ಮಕ್ಕಳು ನೋಡಬಾರದ ಮದುವೆಗೆ ಹೋಯಿತು, ನಾನು ಮಕ್ಕಳ ಲೆಕ್ಕದಲ್ಲಿ ಹೊರಗೆ ಉಳಿದೆ. ಮನೆಯಿಂದ ಮಾತು ಕೇಳುತ್ತಿತ್ತು, ಎಲ್ಲ ಮದುವೆಯ ಮನೆಯಂತೆಯೇ. "ಹುಡುಗನ ಕಡೆಯವರಿಗೆ ಬೆಲ್ಲ ನೀರು ಕೊಟ್ಟದ್ದಾ?" "ಮದುಮಗಳು ಸ್ವಲ್ಪ ಈಚೆ ಬರಲಿ, ಬೆಳಕು ಬೀಳ್ತದೆ." "ಹುಡುಗ ಉದ್ದ ಉಂಟಂತೆ, ಕುರ್ಚಿ ಬದಲಿಸಿ." ಒಬ್ಬರು ಏನೋ ಚಾಷ್ಟಿ ಮಾಡಿದರು, ಹೆಂಗಸರು ನಕ್ಕರು. ಆಮೇಲೆ ಒಮ್ಮೆಲೆ ಯಾರೂ ಮಾತಾಡಲಿಲ್ಲ. ಧಾರೆ ಆಗುತ್ತಿರಬೇಕು ಎಂದುಕೊಂಡೆ. ಆ ಸದ್ದಿಲ್ಲದ ಹೊತ್ತಿನಲ್ಲಿ ಅಂಗನವಾಡಿಯ ಹಿಂದಿನಿಂದ ಸಣ್ಣ ಹೆಜ್ಜೆಗಳು ಓಡಿ ಮನೆಯ ಕಡೆಗೆ ಹೋದ ಹಾಗೆ ಕೇಳಿಸಿತು. ಆ ದಿನ ಆ ಸುತ್ತಿನ ಮಕ್ಕಳನ್ನೆಲ್ಲ ನೆಂಟರ ಮನೆಗೆ ಕಳಿಸಿದ್ದರು. ಕೋಳಿ ಇರಬಹುದು. ನಾನು ಎದ್ದು ನೋಡಲಿಲ್ಲ. ಬಾಗಿಲಿನ ಸಂದಿಗೆ ಕಣ್ಣಿಡುವ ವಯಸ್ಸು ನನ್ನದಲ್ಲ.

ಊಟವನ್ನು ಅಲ್ಲಿಗೇ ತಂದುಕೊಟ್ಟರು. ಮಧ್ಯಾಹ್ನ ಕಳೆದ ಮೇಲೆ ಜೀಪು ಹೊರಟಿತು. ಕಿಟಕಿಯಿಂದ ಕಂಡಿತು. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು, ನಡುವೆ ನೆಟ್ಟಗೆ ನಿಲ್ಲಿಸಿದ ಚಿತ್ರ. ರಟ್ಟಿನ ಹಿಂಬದಿಯೇ ನನ್ನ ಕಡೆಗಿತ್ತು. ಮೇಲಿನಿಂದ ಒಂದು ಮಲ್ಲಿಗೆ ಮಾಲೆ ಇಳಿಬಿದ್ದಿತ್ತು. ಸಿದ್ಧಕಟ್ಟೆಯ ದಾರಿ ಹಿಡಿದು ಜೀಪು ತಿರುವಿನಲ್ಲಿ ಮರೆಯಾಯಿತು.

ಹದಿನೈದು ದಿನ ಬಿಟ್ಟು ಗಿರಿಜಕ್ಕ ಒಬ್ಬರೇ ಬಸ್ಸಿನಲ್ಲಿ ಬಂದರು, ಒಂದು ಡಬ್ಬದಲ್ಲಿ ಪತ್ರೊಡೆ ಹಿಡಿದುಕೊಂಡು. ಮಗನಿಗೆ ಉಜಿರೆಯ ಕಡೆಯಿಂದ ಕೇಳಿಕೊಂಡು ಬಂದಿದ್ದಾರಂತೆ. ಮುಖ ಗೆಲುವಾಗಿತ್ತು. ಕಾಫಿ ಕುಡಿದು ಕೇಳಿದರು:

"ಟೀಚರೇ, ಒಂದು ಕಾಪಿ ಕೊಡಿ. ಚಿಕ್ಕದು ಸಾಕು. ಪರ್ಸಿನಲ್ಲಿ ಇಡುವಷ್ಟು."

ನಾನು ಕರೆಂಟು ಬಿಲ್ಲನ್ನೂ ಸ್ಕ್ಯಾನ್ ಮಾಡಿ ಇಡುವವಳು. ನನ್ನ ಆನೆಗಳು, ಇರುವೆಗಳು ಮೂರು ಮೂರು ಕಡೆ ಭದ್ರವಾಗಿವೆ. ಆ ಚಿತ್ರವನ್ನು ಮಾತ್ರ ಮಾಡಲಿಲ್ಲ. ಮೊಬೈಲಿನಲ್ಲಿ ತೆಗೆಯಬೇಡಿ, ಊರಿಡೀ ಹಂಚಿ ತಮಾಷೆ ಮಾಡ್ತಾರೆ ಎಂದು ವಸಂತ ಮೊದಲೇ ಮಾತು ತೆಗೆದುಕೊಂಡಿದ್ದ. ಸ್ಕ್ಯಾನರಿನಲ್ಲಾದರೆ ಕಾಗದವನ್ನು ಮುಖ ಕೆಳಗೆ ಮಾಡಿ ಮಲಗಿಸಿ, ಮೇಲಿನಿಂದ ಮುಚ್ಚಳ ಮುಚ್ಚಬೇಕು. ಹಸೆಗೆ ಹೋಗಲು ಸಿಂಗಾರವಾಗಿ ಕುಳಿತವಳನ್ನು ಹಾಗೆ ಮಲಗಿಸಿ ಮುಚ್ಚಲು ಮನಸ್ಸು ಬರಲಿಲ್ಲ. ಮದುವೆ ಮುಗಿದು ಬಂದ ಮೇಲೆ ಮಾಡಿದರಾಯಿತು ಎಂದುಕೊಂಡೆ. ಮದುವೆ ಮುಗಿದ ಮೇಲೆ ಹುಡುಗಿ ವಾಪಸು ಬರುವುದಿಲ್ಲ ಎಂಬುದು ಮದುವೆಯಾಗದ ನನಗೆ ಹೊಳೆಯಲೇ ಇಲ್ಲ.

"ಸಿದ್ಧಕಟ್ಟೆಯಲ್ಲಿ ಉಂಟಲ್ಲ," ಎಂದೆ. "ಹೋಗಿ ಒಂದು ಪ್ರತಿ ಮಾಡಿಸಿಕೊಂಡು ಬರುವ."

"ಇಲ್ಲ. ಮರುದಿನವೇ ಚಿತ್ರ ಸಮೇತ ಇಬ್ಬರನ್ನೂ ಒಟ್ಟಿಗೆ ಪಾಲೆಮರದ ಬುಡದಲ್ಲಿ ಬಿಟ್ಟರು. ಕ್ರಮ ಹಾಗೆ. ಅಲ್ಲಿಗೆ ತಿರುಗಿ ಹೋಗುವ ಹಾಗಿಲ್ಲ." ಹೊರಗೆ ಹದಿನೈದು ದಿನದಿಂದ ಮಳೆ ಬಿಟ್ಟಿರಲಿಲ್ಲ. ನೀರುಬಣ್ಣ ಒಂದು ದಿನವೂ ತಡೆದಿರಲಿಕ್ಕಿಲ್ಲ.

ಪೆನ್ಸಿಲು ತೆಗೆದೆ. ತೆಳು ಕಾಗದ, ಬೆನ್ನು, ಕಿಟಕಿಯ ಗಾಜು, ಎಲ್ಲ ಮತ್ತೆ ಮಾಡಿದೆ. ಬೆನ್ನೂ ಬರಲಿಲ್ಲ. ಯಾರದ್ದೋ ಭುಜ, ಯಾರದ್ದೋ ಜಡೆ. ಕೊನೆಗೆ, "ನೀವು ನೋಡಿದ್ದೀರಲ್ಲ, ಹೇಳಿ. ನೀವು ಹೇಳಿದ ಹಾಗೆ ಬರೆಯುತ್ತೇನೆ" ಎಂದೆ.

ಗಿರಿಜಕ್ಕ ಕಣ್ಣು ಮುಚ್ಚಿದರು. ಅವರಿಗೆ ಕಷ್ಟವೇ ಆಗಲಿಲ್ಲ. ಹಣೆ ಹೀಗೆ, ಹುಬ್ಬು ಹೀಗೆ, ಹುಬ್ಬಿನ ತುದಿಗೆ ಗಾಯ. ನನ್ನ ಪೆನ್ಸಿಲು ಹಿಂದಿನಿಂದ ಹೋಗುತ್ತಿತ್ತು. "ಮುಂದಿನ ಎರಡು ಹಲ್ಲಿನ ನಡುವೆ ಸ್ವಲ್ಪ ಸಂದು," ಎಂದರು. "ನಗುವಾಗ ಚಂದ ಕಾಣ್ತದೆ."

ಪೆನ್ಸಿಲು ನಿಂತಿತು. "ಗಿರಿಜಕ್ಕ, ನಾನು ಬಾಯಿ ಮುಚ್ಚಿದ ಹಾಗೆ ಬರೆದಿದ್ದೆ."

"ಇಲ್ಲ ಟೀಚರೇ. ನಗ್ತಿದ್ದಳು."

"ಅಂಗನವಾಡಿಯಲ್ಲಿ ಬಿಚ್ಚಿದಾಗ ಕೂಡ ಬಾಯಿ ಮುಚ್ಚಿತ್ತು."

"ಆಗ ಮುಚ್ಚಿತ್ತು," ಎಂದು ಅವರು ಕಣ್ಣು ತೆರೆದು, ನನಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ನೋಡಿದರು. "ಧಾರೆ ಆಗುವಾಗ ನಕ್ಕಳು. ನಾನು ಎದುರೇ ಇದ್ದೆ."

ಅವರ ಮಂಡೆ ಸರಿ ಉಂಟು. ಹೌದು ಅಥವಾ ಅಲ್ಲ ಎಂದು ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಉಳಿದದ್ದೆಲ್ಲ ಸರಿಯಾಗಿಯೇ ನಡೆದಿತ್ತು, ನಾನು ಒಂದು ಪ್ರತಿ ತೆಗೆದಿಡದೆ ಹೋದದ್ದೊಂದು ಬಿಟ್ಟು.